ಎರಡು ಸೆಮಿಸ್ಟರ್ ಮುಗಿಸಿದ ಸೊಸೆ

ಕೆಲವರಿಗೆ ಚಹಾದ ಚಟ, ಕೆಲವರಿಗೆ ಎಲೆ-ಅಡಿಕೆಯ ಚಟ. ನನಗಿರುವುದು ಪರೀಕ್ಷೆಯ ಚಟ. ಬರೆಯುವ ವಯಸ್ಸು ಇರುವವರೆಗೆ ಬರೆದೆ. ಅದು ಮುಗಿದ ಮೇಲೆ ಬೇರೆಯವರಿಂದ ಬರೆಸುತ್ತಿದ್ದೇನೆ. ಇದಕ್ಕೆ ಕಾರಣವೂ ಇದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವರಲ್ಲಿ ನಾನೇ ಮೊದಲಿಗ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಂತೂ ಮೊದಲಿಗನೂ ನಾನೇ, ಬಹಳ ವರ್ಷ ಕಡೆಯವನೂ ನಾನೇ. ಅಪ್ಪ ಬೇರೆಯವರ ಹೊಲದಲ್ಲಿ ದುಡಿದ, ಅವ್ವ ಕೂಲಿಗೆ ಕಳೆ ತೆಗೆದಳು. ಕೆಲವರು ಹಿರಿಯರ ಆಸ್ತಿಯ ಮೇಲೆ ನಿಂತು ಎತ್ತರ ಕಾಣುತ್ತಾರೆ. ನಾನು ಪ್ರಶ್ನೆಪತ್ರಿಕೆಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಕಾಲಿಟ್ಟು ಮೇಲೆ ಬಂದವನು. ಹಾಗಾಗಿ ಯಾರಾದರೂ ಪರೀಕ್ಷೆಯಿಲ್ಲದೆ ಮುಂದೆ ಹೋದರೆ, ಟಿಕೆಟ್ ತೆಗೆಸದೆ ಕಿಟಕಿ ಪಕ್ಕ ಕುಳಿತವನನ್ನು ಕಂಡ ಕಂಡಕ್ಟರನಂತೆ ನನ್ನ ಮೈ ಉರಿಯುತ್ತದೆ.

ಅವ್ವನಿಗೆ ಮಾತ್ರ ಈ ಪರೀಕ್ಷೆಗಳ ಲೆಕ್ಕ ಎಂದೂ ತಿಳಿಯಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಓಣಿಗೆಲ್ಲ ಸಕ್ಕರೆ ಹಂಚಿದಳು. ಪಿಯುಸಿ ಪಾಸಾದಾಗ ಬೆಲ್ಲ. ಬಿ.ಎ.ಗೆ ಬರುವಷ್ಟರಲ್ಲಿ ಅವಳಿಗೆ ಅನುಮಾನ ಹತ್ತಿತು. "ಯಪ್ಪಾ, ಹ್ವಾದ ಸಲ ಪಾಸಾಗೀನಿ ಅಂದಿ. ಮತ್ತ್ಯಾಕ ಬರಿಯಾಕತ್ತಿ? ಅವ್ರು ನಿನ್ನ ನಂಬಲಿಲ್ಲೇನು?" ಎಂದು ಕೇಳಿದಳು. ಆದರೂ ಎಂ.ಎ. ಮುಗಿದು ಪದವಿ ಪತ್ರ ಮನೆಗೆ ಬಂದಾಗ ಅದಕ್ಕೆ ಕಟ್ಟು ಹಾಕಿಸಿ ದೇವರ ಜಗಲಿಯ ಪಕ್ಕಕ್ಕೇ ಮೊಳೆ ಹೊಡೆಸಿದಳು. ಇವತ್ತಿಗೂ ಮಹಾನವಮಿಗೆ ಕುಡಗೋಲು, ಕೊಡಲಿಯ ಜೊತೆ ನನ್ನ ಪದವಿಗೂ ಕುಂಕುಮ ಬೀಳುತ್ತದೆ. ಕುಲಪತಿಗಳ ಸಹಿ ಈಗ ಕುಂಕುಮದ ಕೆಳಗೆ ಎಲ್ಲೋ ಇದೆ.

ಚಟ ಎಂದೆನಲ್ಲ, ಅದು ಎಷ್ಟು ಬಲವಾದದ್ದು ಎಂದರೆ ಹೆಣ್ಣು ನೋಡಲು ಹೋದಾಗಲೂ ಸುಮ್ಮನಿರಲಿಲ್ಲ. ನಾನು ಕನ್ನಡ ಮೇಷ್ಟ್ರು. ಉಪ್ಪಿಟ್ಟಿನ ತಟ್ಟೆ ಇಟ್ಟು ತಲೆ ತಗ್ಗಿಸಿ ಕುಳಿತ ಹುಡುಗಿಗೆ ಲೋಪಸಂಧಿಗೊಂದು ಉದಾಹರಣೆ ಕೇಳಿದೆ. ಆಕೆ ಉದಾಹರಣೆ ಕೊಟ್ಟು, ತಲೆ ಎತ್ತಿ, "ನಿಮಗ ಎಮ್ಮಿ ಹಿಂಡಾಕ ಬರತೈತೇನ್ರಿ?" ಎಂದು ಕೇಳಿದಳು. ಬರುವುದಿಲ್ಲ ಎಂದೆ. "ಇರ್ಲಿ ಬಿಡ್ರಿ, ಕಲಸ್ತೀನಿ" ಎಂದಳು. ಹೀಗೆ ಗ್ರೇಸ್ ಅಂಕದ ಮೇಲೆ ನನ್ನನ್ನು ಪಾಸು ಮಾಡಿಕೊಂಡವಳೇ ನನ್ನ ಹೆಂಡತಿ ಗಿರಿಜಾ.

ಈಗ ನಾನು ಕುಷ್ಟಗಿಯ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆ ತಾವರಗೇರಾ ಕಡೆಯ ನಮ್ಮ ಹಳ್ಳಿಯಲ್ಲೇ. ಮೊದಲ ವರ್ಷದ ಮಕ್ಕಳು ಒಂದು ರಜೆ ಅರ್ಜಿ ಬರೆಯಲು ತಿಣುಕುವುದನ್ನು, ನೂರಕ್ಕೆ ಶೇಕಡಾ ಹತ್ತು ಎಷ್ಟು ಎಂದರೆ ಮೊಬೈಲ್ ತೆಗೆಯುವುದನ್ನು ನೋಡಿ ನೋಡಿ ನಾನೇ ಮುಂದೆ ಬಿದ್ದು ಒಂದು ಏರ್ಪಾಟು ಮಾಡಿಸಿದೆ. ಕಾಲೇಜಿಗೆ ಸೇರುವ ಪ್ರತಿಯೊಬ್ಬರೂ ಮೊದಲು 'ಮೂಲ ಕೌಶಲ ಪರೀಕ್ಷೆ' ಬರೆಯಬೇಕು. ಅರ್ಧ ಭಾಗ ಓದು-ಬರಹ, ಅದು ನನ್ನದು. ಇನ್ನರ್ಧ ಲೆಕ್ಕ, ಅದು ನಮ್ಮ ಪ್ರಿನ್ಸಿಪಾಲರದು; ಅವರು ಗಣಿತದವರು, ಕರುಣೆಯನ್ನು ಭಿನ್ನರಾಶಿಯಲ್ಲಿ ಕೊಡುವವರು. ಎರಡರಲ್ಲಿ ಒಂದರಲ್ಲಿ ಹಿಂದೆ ಬಿದ್ದವರೂ ಮೂರು ತಿಂಗಳು, ಕಾಲೇಜು ಬಿಟ್ಟ ಮೇಲೆ ಸಂಜೆ ಎಕ್ಸ್‌ಟ್ರಾ ಕ್ಲಾಸಿಗೆ ಕೂಡಬೇಕು. ಬಹಳ ಒಳ್ಳೆಯ ಏರ್ಪಾಟು ಎಂದು ಎಲ್ಲರೂ ಹೊಗಳಿದರು, ಮಕ್ಕಳನ್ನು ಬಿಟ್ಟು.

ಒಂದೇ ಒಂದು ತೊಡಕಿತ್ತು. ನಮ್ಮ ಕಡೆ ಲಗ್ನದ ಹಂಗಾಮು ಮುಗಿಯಿತೆಂದರೆ ಕಾಲೇಜುಗಳ ನಡುವೆ ಹುಡುಗಿಯರ ಸಂಚಾರ ಶುರುವಾಗುತ್ತದೆ. ಗಂಗಾವತಿಯಲ್ಲಿ ಓದುತ್ತಿದ್ದವಳು ಕುಷ್ಟಗಿಯ ಸೊಸೆಯಾಗುತ್ತಾಳೆ, ಕುಷ್ಟಗಿಯವಳು ಯಲಬುರ್ಗಿಗೆ, ಯಲಬುರ್ಗಿಯವಳು ಕೊಪ್ಪಳಕ್ಕೆ. ಟ್ರಂಕು, ಹಾಸಿಗೆ, ಕೊಡಪಾನದ ಜೊತೆ ಟಿ.ಸಿ.ಯೂ ಗಂಡನ ಮನೆಗೆ ಬರುತ್ತದೆ. ಎರಡು ಮೂರು ಸೆಮಿಸ್ಟರ್ ಪಾಸಾಗಿ, ಕೈಯ ಮದರಂಗಿ ಇನ್ನೂ ಆರದೆ ಬಂದು ನಿಂತ ಈ ಹುಡುಗಿಯರಿಗೂ ನಾನು, "ಗೇಟಿನೊಳಗೆ ಹೊಸದಾಗಿ ಕಾಲಿಟ್ಟವರು ಯಾರೇ ಆಗಲಿ, ಬರೆಯಲೇಬೇಕು" ಎಂದು ಪರೀಕ್ಷೆ ಕೊಡುತ್ತಿದ್ದೆ. ಅದರಲ್ಲೊಂದು ಪ್ರಶ್ನೆ, 'ನೀವು ಕಾಲೇಜು ಸೇರಿದ ಬಗ್ಗೆ ತಂದೆಗೆ ಪತ್ರ ಬರೆಯಿರಿ.' ತವರು ಬಿಟ್ಟು ಹದಿನೈದು ದಿನವಾಗಿರದ ಒಬ್ಬಳು ಆ ಪ್ರಶ್ನೆ ನೋಡಿದ ಕೂಡಲೇ ಅಳಲು ಶುರುಮಾಡಿ, ಅಳುತ್ತಲೇ ನಾಲ್ಕು ಪುಟ ಬರೆದಳು. "ಕಾಲೇಜು ಛಲೋ ಐತಿ ಅಪ್ಪಾ, ನೀರಿನ ಅನುಕೂಲ ಐತಿ, ಆದ್ರ ಇಲ್ಲೊಬ್ಬ ಸರ್ ಅದಾರ" ಎಂದು ಮೊದಲಾಗಿತ್ತು. ಮುಂದಿನದು ಪೂರಾ ನನ್ನ ವರ್ಣನೆ. ಭಾಷೆ ಶುದ್ಧವಾಗಿದ್ದರಿಂದ ಪೂರ್ಣ ಅಂಕ ಕೊಡದೆ ವಿಧಿಯಿರಲಿಲ್ಲ.

ಹೀಗೆ ಊರಿನವರ ಸೊಸೆಯರಿಗೆಲ್ಲ ಪರೀಕ್ಷೆ ಕೊಡುತ್ತ ಸುಖವಾಗಿದ್ದವನ ಮನೆಗೇ ಒಬ್ಬ ಸೊಸೆ ಬಂದಳು. ನನ್ನ ತಮ್ಮ ಹನುಮಂತ ಲೈನ್‌ಮನ್. ಮನೆಯಲ್ಲಿ ಮಾತು ಬಿಸಿಯಾಯಿತೆಂದರೆ ಅವನಿಗೆ ಎಲ್ಲೋ ಒಂದು ಕಡೆ ತಂತಿ ಹರಿದ ಸುದ್ದಿ ಬಂದು, ಹೋಗಿ ಕಂಬ ಹತ್ತಿಬಿಡುತ್ತಾನೆ. ಅವನಿಗೆ ಗಂಗಾವತಿ ಕಡೆಯ ಕಾಲುವೆ ಊರಿನ ಹುಡುಗಿ ರೇಣುಕಾಳೊಂದಿಗೆ ಮದುವೆ ಗೊತ್ತಾಯಿತು. ಗಂಗಾವತಿಯಲ್ಲಿ ಬಿ.ಎ. ಎರಡು ಸೆಮಿಸ್ಟರ್ ಮುಗಿಸಿದ್ದಳು. ಅವಳ ಅಪ್ಪನದು ಒಂದೇ ಮಾತು: "ಮಗಳು ಓದು ಮುಗಿಸಬೇಕು." ಅವ್ವನದೂ ಒಂದೇ ಮಾತು: "ಓದ್ಲಿ. ಆದ್ರ ದೀಪಾ ಹಚ್ಚೂದ್ರಾಗ ಮನ್ಯಾಗ ಇರಬೇಕು. ಒಂದ್ ದಿನ ಹೊತ್ತು ಮುಳುಗಿಸಿ ಬಂದ್ಲು ಅಂದ್ರ ಸಾಲಿ ಬಂದ್." ಎರಡೂ ಮಾತಿಗೆ ಎಲೆ-ಅಡಿಕೆ ಬದಲಾಯಿತು.

ಎಲ್ಲ ಸರಿಯೇ. ಆದರೆ ನಮ್ಮೂರಿನ ಬಸ್ಸು ಕುಷ್ಟಗಿ ಬಿಡುವುದು ಕಾಲೇಜು ಬಿಟ್ಟ ಕೂಡಲೇ. ಅದು ತಪ್ಪಿದರೆ ಮುಂದಿನದು ಊರು ಮುಟ್ಟುವಷ್ಟರಲ್ಲಿ ದೀಪ ಹಚ್ಚಿ, ಊಟ ಮುಗಿದು, ಪಾತ್ರೆಯೂ ತೊಳೆದಿರುತ್ತಾರೆ. ಎಕ್ಸ್‌ಟ್ರಾ ಕ್ಲಾಸು ಸರಿಯಾಗಿ ಆ ಎರಡು ಬಸ್ಸುಗಳ ನಡುವೆ. ನಿಮ್ಮ ಮೋಟಾರ್ ಸೈಕಲ್ ಇಲ್ಲವೇ ಎಂದು ಕೇಳಬೇಡಿ. ತಮ್ಮನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಭಾವನಾದವನು ಊರೊಳಗೆ ಬಂದರೆ ನಮ್ಮ ಕಟ್ಟೆಯ ಮುದುಕರಿಗೆ ಆರು ತಿಂಗಳ ಮಾತಿನ ಮೇವಾಗುತ್ತದೆ. ಭಾವನ ಎದುರು ತಲೆಯ ಮೇಲಿನ ಸೆರಗು ಜಾರಬಾರದು, ನೇರ ಮಾತಾಡಬಾರದು ಎಂಬುದು ನಮ್ಮಲ್ಲಿ ಈಗಲೂ ಇದೆ. ಒಟ್ಟಿನಲ್ಲಿ ಪರೀಕ್ಷೆಯಲ್ಲಿ ರೇಣುಕಾ ಹಿಂದೆ ಬಿದ್ದಳೋ, ಅವಳ ಬಿ.ಎ. ಅಲ್ಲಿಗೇ ನಿಲ್ಲುತ್ತಿತ್ತು. ಹಿಂದೆ ಬೀಳುವುದೂ ಹೆಚ್ಚುಕಡಿಮೆ ಖಚಿತವಾಗಿತ್ತು. ಇತಿಹಾಸ, ಕನ್ನಡ ಎಂದರೆ ಹೂವು ಎತ್ತಿದಂತೆ ಎತ್ತುವ ಹುಡುಗಿ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಹೊಳೆ ಹೇಗೋ ದಾಟಿದವಳು ಮತ್ತೆ ಆ ಕಡೆ ತಿರುಗಿ ನೋಡಿರಲಿಲ್ಲ.

ಪರೀಕ್ಷೆಯ ಸುದ್ದಿ ಕೇಳಿದ ದಿನ ನಮ್ಮ ಪಡಸಾಲೆಯಲ್ಲಿ ಒಂದು ಸಭೆ ನಡೆಯಿತು. ನಾನು ಕಂಬಕ್ಕೆ ಒರಗಿ ಕುಳಿತಿದ್ದೆ. ನಾಲ್ಕು ಮಾರು ದೂರದ ಅಡುಗೆಮನೆಯ ಬಾಗಿಲಲ್ಲಿ ರೇಣುಕಾ. ನಡುವೆ ಹೈಕೋರ್ಟ್ ವಕೀಲೆಯಂತೆ ಗಿರಿಜಾ.

"ಅಕ್ಕಾ, ಭಾವಾರಿಗೆ ಕೇಳ್ರಿ. ನಾ ಗಂಗಾವತ್ಯಾಗ ಎರಡೂ ಸೆಮಿಸ್ಟರ್ ಫಸ್ಟ್ ಕ್ಲಾಸಿನ್ಯಾಗ ಪಾಸಾಗೀನಿ. ಮತ್ತ್ಯಾಕ ಪರೀಕ್ಷಾ?" ಎಂದಿತು ಬಾಗಿಲು.

"ಏನ್ರೀ, ಕೇಳಿಸ್ತಿಲ್ಲೋ?" ಎಂದಳು ಗಿರಿಜಾ.

"ಕೇಳಿಸ್ತು. ಕಾನೂನು ಎಲ್ಲಾರಿಗೂ ಒಂದ. ನಮ್ಮ ಮನಿಯಾಕಿ ಅಂತ ಬಿಟ್ರ ನಾಳೆ ನಾ ಕಾಲೇಜಿನ್ಯಾಗ ತಲಿ ಎತ್ತಿ ಅಡ್ಡಾಡೂದು ಹೆಂಗ? ಹಂಗಂತ ಹೇಳು ಆಕಿಗೆ."

"ಕಾನೂನಂತವಾ ತಂಗೀ. ಆ ಕಾನೂನು ಮಾಡಿದ ಪುಣ್ಯಾತ್ಮ ಯಾರು ಅಂತ ಮಾತ್ರ ಕೇಳಬ್ಯಾಡ. ಕಂಬಕ್ಕ ಆತು ಕುಂತಾನ."

ಬಾಗಿಲಿನ ಹಿಂದೆ ಬಳೆಗಳು ನಕ್ಕವು. ಹನುಮಂತನಿಗೆ ಆಗಲೇ ಎಲ್ಲೋ ತಂತಿ ಹರಿದಿತ್ತು.

ಇದು ಒಂದು ಪರೀಕ್ಷೆಯ ಕಥೆ. ಅದೇ ವಾರ ಮನೆಯಲ್ಲಿ ಇನ್ನೊಂದು ಇತ್ತು. ನಮ್ಮ ಓಣಿಯ ಪದ್ಧತಿ, ಹೊಸ ಸೊಸೆ ಒಂದು ದಿನ ನೆರೆಹೊರೆಯ ಹೆಂಗಸರೆದುರು ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯಬೇಕು. ಹೆಂಗಸರು ಸಾಲಾಗಿ ಕುಳಿತು ನೋಡುತ್ತಾರೆ. ನೋಡುವವರೂ ಅವರೇ, ತಿನ್ನುವವರೂ ಅವರೇ, ಅಂಕ ಕೊಡುವವರೂ ಅವರೇ. ಮುಖ್ಯ ಪರೀಕ್ಷಕಿ ಅವ್ವ. ಪಾಪ, ರೇಣುಕಾ ಭತ್ತದ ನಾಡಿನವಳು. ಅಲ್ಲಿ ಬೆಳಗಿಗೆ ಅನ್ನ, ಮಧ್ಯಾಹ್ನ ಅನ್ನ, ರಾತ್ರಿ ಬದಲಾವಣೆಗೆಂದು ಮತ್ತೆ ಅನ್ನ. ಅವಳು ಸೆರಗು ಬಿಗಿದು, ಹಿಟ್ಟು ನಾದಿ, ಧೈರ್ಯವಾಗಿ ಬಡಿಯತೊಡಗಿದಳು. ಮೊದಲ ರೊಟ್ಟಿ ಹಲಗೆ ಬಿಟ್ಟು ಏಳಲಿಲ್ಲ. ಎರಡನೆಯದು ಎದ್ದಿತು, ಆದರೆ ಎರಡು ಭಾಗವಾಗಿ. ಮೂರನೆಯದು ಹಂಚಿನ ಮೇಲೆ ಬಿದ್ದಾಗ ತುಂಗಭದ್ರೆಯ ಎಡದಂಡೆ, ಅದರ ಕವಲು ಕಾಲುವೆಗಳು, ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

"ಯವ್ವಾ, ಇದರಾಗ ಭತ್ತ ನಾಟಿ ಮಾಡಬಹುದು ನೋಡು" ಎಂದಳು ಆಚೆ ಮನೆಯ ಮುದುಕಿ. ಹೆಂಗಸರೆಲ್ಲ ನಕ್ಕರು. ರೇಣುಕಾಳೂ ನಕ್ಕಳು, ಆದರೆ ಕಣ್ಣು ತುಂಬಿತ್ತು. ಅವ್ವ ಫಲಿತಾಂಶ ಪ್ರಕಟಿಸಿದಳು: "ಆಗ್ಲಿ, ರೇಣವ್ವಾ. ಇವತ್ತಿನಿಂದ ದಿನಾ ಸಂಜಿಮುಂದ ನನ್ನ ಬಾಜೂಕ ಕುಂದ್ರು. ಕೈ ಕುಂದ್ರೂತನಾ ಪುಸ್ತಕಾ ಮುಟ್ಟಬ್ಯಾಡ."

ಸಂಜೆಯ ಎಕ್ಸ್‌ಟ್ರಾ ಕ್ಲಾಸು! ಪಡಸಾಲೆಯಲ್ಲಿ ಪೇಪರ್ ಓದುವ ನೆಪದಲ್ಲಿದ್ದ ನನಗೆ ಯಾಕೋ ತಡೆಯಲಾಗಲಿಲ್ಲ. ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ದೊಡ್ಡ ದನಿಯಲ್ಲಿ ಭಾಷಣವನ್ನೇ ಮಾಡಿದೆ. "ಅವ್ವಾ, ಇದು ನ್ಯಾಯ ಏನು? ಆಕಿ ಏನು ಇವತ್ತ ಹುಟ್ಟಿ ಬಂದಾಳೇನು? ತವರುಮನ್ಯಾಗ ಅಡಗೀ ಮಾಡಿಲ್ಲೇನು? ನಾಟೀ ಹಂಗಾಮಿನ್ಯಾಗ ಆಳುಮಕ್ಕಳಿಗೆಲ್ಲಾ ಒಬ್ಬಾಕಿನ ಬೇಯಿಸಿ ಹಾಕ್ಯಾಳಂತ. ಅಲ್ಲಿ ಪಾಸಾಗಿ ಬಂದಾಕಿನ್ನ ಇಲ್ಲಿ ಮತ್ತ ಒಂದನೇತ್ತಾ ಸಾಲಿಗೆ ಕುಂದರಿಸಿದ್ರ ಹೆಂಗ? ಒಂದ್ ಮನ್ಯಾಗಿನ ಪಾಸು ಇನ್ನೊಂದ್ ಮನ್ಯಾಗ ನಡ್ಯಾಂಗಿಲ್ಲೇನು?"

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ನನ್ನ ಮಾತಿನ ಬಲಕ್ಕೆ ನಾನೇ ಬೆರಗಾಗಿ ನಿಂತಿದ್ದಾಗ ಗಿರಿಜಾ ಇಕ್ಕಳದಿಂದ ಹಂಚು ಇಳಿಸುತ್ತ, ಬಹಳ ಮೆತ್ತಗೆ ಹೇಳಿದಳು, "ಭಾಳ ಛಲೋ ಹೇಳಿದ್ರಿ. ಇದನ್ನ ಹಿಂಗ ತಗೊಂಡು ಹೋಗಿ ಕುಷ್ಟಗ್ಯಾಗ ಹೇಳ್ರಿ."

ಹೆಂಗಸರಿಗೆ ಅದು ಅರ್ಥವಾಗಲಿಲ್ಲ. ನನಗಾಯಿತು. ಅವ್ವನಿಗೂ ಆಯಿತು. ಅವಳು ಹಿಟ್ಟಿನ ಕೈಯನ್ನೇ ಸೊಂಟದ ಮೇಲಿಟ್ಟು ಕೇಳಿದಳು, "ಅಂದ್ರ, ನೀನೂ ಈಕಿನ್ನ ಸಂಜಿಮುಂದ ಕುಂದರಿಸಾಕತ್ತೀದಿ ಏನು? ಗಂಗಾವತ್ಯಾಗ ಪಾಸಾಗ್ಯಾಳಂತ, ಮತ್ತ್ಯಾಕ ಬರಸ್ತಿ? ನಂಬಿಕಿಲ್ಲೇನು?" ಇಪ್ಪತ್ತು ವರ್ಷದ ಹಿಂದಿನ ಅದೇ ಪ್ರಶ್ನೆ. ಅವ್ವ ಜೋಳದ ವ್ಯಾಪಾರಕ್ಕೆ ಕುಳಿತವಳಂತೆ ಮಾತು ಮುಗಿಸಿದಳು: "ತಗೋ, ಒಂದ್ ಮಾತು. ನೀ ನಿನ್ನ ಪರೀಕ್ಷಾ ಬಿಡು, ನಾ ನಂದು ಬಿಡತೀನಿ. ನೀ ಬಿಡಲಿಲ್ಲಂದ್ರ ನಂದೂ ಬಿಡಾಂಗಿಲ್ಲ."

ಹೀಗೆ ಇಬ್ಬರು ಪರೀಕ್ಷಕರ ನಡುವೆ ಒಪ್ಪಂದವಾಗಿ, ಮರುದಿನ ನಾನು ಕುಷ್ಟಗಿಗೆ ಹೋದೆ. ದಾರಿಯುದ್ದಕ್ಕೂ ದಾಳಿಂಬೆ ತೋಟಗಳನ್ನು ನೋಡುತ್ತ ಯೋಚಿಸಿದೆ. ರೇಣುಕಾ ಒಬ್ಬಳಿಗೇ ಮನ್ನಾ ಕೇಳಿದರೆ ಅದು ನನ್ನ ಮನೆಯ ಕೆಲಸ, ಕೇಳುವುದಾದರೆ ಟಿ.ಸಿ. ಹಿಡಿದು ಬಂದ ಎಲ್ಲರಿಗೂ ಕೇಳಬೇಕು. ಮಧ್ಯಾಹ್ನದ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, ರೇಣುಕಾ ನನ್ನ ತಮ್ಮನ ಹೆಂಡತಿ ಎಂಬುದನ್ನು ಮೊದಲೇ ಹೇಳಿ, ವರ್ಗವಾಗಿ ಬಂದ ಎಲ್ಲರಿಗೂ ಪರೀಕ್ಷೆ ಮನ್ನಾ ಆಗಬೇಕು ಎಂದೆ.

ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿದರು. "ಮಾಸ್ತರ, ಈ ಪರೀಕ್ಷಾ ಬೇಕ ಬೇಕು ಅಂತ ನನ್ನ ಚೇಂಬರಿನ್ಯಾಗ ಕುಂತು ಏಳದಾವರು ಯಾರು?"

"ನಾನ ರೀ ಸರ್."

"ಮತ್ತ ಈಗ ಬ್ಯಾಡ ಅನ್ನಾವರು?"

"ಅದೂ ನಾನ ರೀ."

ಎಲ್ಲರೂ ನಕ್ಕರು. ಅರ್ಥಶಾಸ್ತ್ರದ ಮೇಷ್ಟ್ರಿಗೆ ಮಾತ್ರ ನಗು ಬರಲಿಲ್ಲ. "ಬ್ಯಾರೆ ಕಾಲೇಜಿನ ಪಾಸು ಹೆಂಗ ನಂಬೂದ್ರಿ? ಅಲ್ಲಿ ಯಾರು ಪೇಪರ್ ನೋಡ್ತಾರೋ, ಹೆಂಗ ಅಂಕ ಒಗೀತಾರೋ, ಯಾರಿಗೆ ಗೊತ್ತು?" ಎಂದರು.

ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಹನುಮಂತನೇ ಬಂದು ಲೈನ್ ಜೋಡಿಸಿದಂತಾಯಿತು. ವಿಶ್ವವಿದ್ಯಾಲಯದ ಮೌಲ್ಯಮಾಪನ ಶಿಬಿರದಲ್ಲಿ ಎಲ್ಲ ತಾಲ್ಲೂಕುಗಳ ಉತ್ತರಪತ್ರಿಕೆಗಳೂ ಹೆಸರಿಲ್ಲದೆ, ಬರೀ ಗುಪ್ತಸಂಖ್ಯೆ ಹೊತ್ತು ಒಂದೇ ರಾಶಿಗೆ ಬೀಳುತ್ತವೆ. ಹೋದ ಬೇಸಿಗೆಯಲ್ಲಿ ನಾನೂ ಅರ್ಥಶಾಸ್ತ್ರದವರೂ ಒಂದೇ ಹಾಲಿನಲ್ಲಿ, ಒಂದೇ ಫ್ಯಾನಿನ ಕೆಳಗೆ ಕುಳಿತು ಕೆಂಪು ಪೆನ್ನು ಸವೆಸಿದ್ದೆವು.

"ಗಂಗಾವತಿ ಪೇಪರ್ ಯಾರು ನೋಡ್ಯಾರ ಅಂತ ಕೇಳಿದ್ರಲ್ಲಾ, ನಾವ ನೋಡೀವ್ರಿ ಸರ" ಎಂದೆ. "ಬ್ಯಾಸಗ್ಯಾಗ ನಾವ ಅಂಕಾ ಹಾಕಿ ಪಾಸು ಮಾಡಿದ ಹುಡುಗ್ಯಾರನ್ನ ಮಳಿಗಾಲದಾಗ ನಾವ ನಿಲ್ಲಿಸಿ, 'ನಿನಗ ಬರತೈತೋ ಇಲ್ಲೋ' ಅಂತ ಕೇಳಾಕತ್ತೀವಿ. ಅವ್ರ ಮ್ಯಾಲ ಅಲ್ರಿ, ನಮ್ಮ ಮ್ಯಾಲ ನಮಗ ನಂಬಿಕಿಲ್ದಂಗ ಆತು."

ಅರ್ಥಶಾಸ್ತ್ರದವರು ಚಹಾ ಕುಡಿಯತೊಡಗಿದರು. ಕಪ್ಪು ಖಾಲಿಯಾಗಿತ್ತು, ಆದರೂ ಕುಡಿದರು. ಪ್ರಿನ್ಸಿಪಾಲರು ಹೊಟ್ಟೆ ಕುಣಿಸಿ ನಕ್ಕು, "ಅಂದ್ರ ಎರಡೂ ಕಡೆ ಇರೂದು ಒಂದ ಸಂಖ್ಯೆ. ಹೊಡದು ಹಾಕ್ರಿ" ಎಂದರು. ಗಣಿತದವರಿಗೆ ಲೆಕ್ಕದ ರೂಪದಲ್ಲಿ ಹೇಳಿದರೆ ಎಲ್ಲವೂ ಅರ್ಥವಾಗುತ್ತದೆ. ಅಂದಿನಿಂದ ನಮ್ಮಲ್ಲಿ ನಿಯಮ ಹೀಗಾಯಿತು: ಹೊಸದಾಗಿ ಹೆಸರು ಹಚ್ಚಿಸಿದವರು ಪರೀಕ್ಷೆ ಬರೆಯಲೇಬೇಕು, ಬೇರೆ ಕಾಲೇಜಿನಲ್ಲಿ ಪಾಸಾಗಿ, ವರ್ಗವಾಗಿ ಬಂದವರಿಗೆ ಮನ್ನಾ. ಬೋರ್ಡಿಗೆ ಅಂಟಿಸಿದ ದಿನ ಆರೇಳು ಹೊಸ ಸೊಸೆಯರು ಅದರ ಮುಂದೆ ನಿಂತು ಕಿಲಕಿಲ ನಕ್ಕ ಸದ್ದು ನನ್ನ ತರಗತಿಯವರೆಗೆ ಬಂತು. ನಾಲ್ಕು ಪುಟ ಅತ್ತವಳು ಅವರಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ರೇಣುಕಾ ಆ ಸಂಜೆ ಮೊದಲ ಬಸ್ಸಿನಲ್ಲೇ, ಕಿಟಕಿ ಪಕ್ಕ ಕುಳಿತು ಮನೆಗೆ ಹೋದಳು. ಟಿಕೆಟ್ ತೆಗೆಸಿಯೇ ಕುಳಿತಿದ್ದಳು. ಅದನ್ನು ಗಂಗಾವತಿಯಲ್ಲೇ ತೆಗೆಸಿದ್ದಳು ಎಂಬುದು ನನಗೆ ತಡವಾಗಿ ತಿಳಿಯಿತು, ಅಷ್ಟೆ.

ಅವ್ವನೂ ಮಾತು ತಪ್ಪಲಿಲ್ಲ. "ರೇಣವ್ವಂಗ ರೊಟ್ಟಿ ಪರೀಕ್ಷಾ ಮಾಫ್" ಎಂದು ಓಣಿಗೆಲ್ಲ ಸಾರಿದಳು. ಇಲ್ಲಿಗೆ ಪ್ರಬಂಧ ಮುಗಿಸಿ, ನ್ಯಾಯ ಕೊಡಿಸಿದ ಮಹಾಪುರುಷನಾಗಿ ನಾನು ಎದ್ದು ಹೋಗಬಹುದಿತ್ತು. ಆದರೆ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದು, ಸಂಜೆ ರೇಣುಕಾ ಪುಸ್ತಕ ಹಿಡಿದು ಕೂಡತೊಡಗಿದಾಗ ಒಂದು ಪ್ರಶ್ನೆ ಎದ್ದಿತು. ಅವ್ವನ ರಟ್ಟೆ ನೋವು, ಗಿರಿಜಾಗೆ ಎಮ್ಮೆಯ ಕೆಲಸ. ಹಾಗಾದರೆ ಸಂಜೆಯ ರೊಟ್ಟಿ?

"ಮನ್ನಾ ಮಾಡಿಸಿದಾವರ ಬಡೀಲಿ" ಎಂದಳು ಗಿರಿಜಾ.

ನಾನು ನಕ್ಕೆ. ಮತ್ಯಾರೂ ನಗಲಿಲ್ಲ. ಅವ್ವ ಆಗಲೇ ಹಿಟ್ಟಿನ ಬುಟ್ಟಿಯನ್ನು ನನ್ನ ಕಡೆ ಸರಿಸಿದ್ದಳು. ಅಂಗಿಯ ತೋಳು ಮಡಚಿ ಒಲೆಯ ಮುಂದೆ ಕುಳಿತೆ. ನನ್ನ ಮೊದಲ ರೊಟ್ಟಿಯ ವಿಷಯ ಬೇಡ. ಎರಡನೆಯದನ್ನು ನೋಡಿ ಅವ್ವ, "ಇದಕ್ಕ ಹೋಲಿಸಿದ್ರ ರೇಣವ್ವನ ಕಾಲುವಿ ಎಷ್ಟೋ ಪಾಡಿತ್ತು. ನಾಳಿಂದ ದಿನಾ ಸಂಜಿಮುಂದ ನನ್ನ ಬಾಜೂಕ ಕುಂದ್ರು" ಎಂದಳು.

ನನಗೆ ಸ್ವಾಭಿಮಾನ ಉಕ್ಕಿತು. ಹಿಟ್ಟಿನ ಬೆರಳನ್ನು ದೇವರ ಜಗಲಿಯ ಕಡೆ ಚಾಚಿ, "ಅವ್ವಾ, ಅಲ್ಲಿ ನೋಡು. ಎಂ.ಎ. ಪಾಸಾಗೀನಿ. ಅಷ್ಟು ಪರೀಕ್ಷಾ ಬರದಾವಗ ಮತ್ತ ಪರೀಕ್ಷಾನ? ನನಗೂ ಮನ್ನಾ ಆಗಬೇಕು" ಎಂದೆ.

ಆಗ ಬಾಗಿಲ ಬಳಿ ಪುಸ್ತಕ ಮುಚ್ಚಿದ ಸದ್ದಾಯಿತು. ಮದುವೆಯಾಗಿ ಬಂದು ಅಷ್ಟು ದಿನವಾದರೂ ನನ್ನೊಡನೆ ಒಂದೇ ಒಂದು ನೇರ ಮಾತಾಡದಿದ್ದ ರೇಣುಕಾ, ನಡುವೆ ಯಾವ ವಕೀಲೆಯೂ ಇಲ್ಲದೆ, ಸೆರಗು ಸರಿಮಾಡಿಕೊಂಡು ಹೇಳಿದಳು:

"ಇಲ್ರಿ ಭಾವಾರ. ಮನ್ನಾ ವರ್ಗಾ ಆಗಿ ಬಂದಾವರಿಗೆ ಅಷ್ಟ ಐತ್ರಿ. ಈ ಕಾಲೇಜಿನ್ಯಾಗ ನೀವು ಹೊಸಾ ಅಡ್ಮಿಶನ್."

ಅಡುಗೆಮನೆ ಬಿದ್ದು ಬಿದ್ದು ನಕ್ಕಿತು. ಅವತ್ತು ಮಾತ್ರ ಯಾಕೋ ತಂತಿ ಹರಿಯದೆ ಮನೆಯಲ್ಲೇ ಇದ್ದ ಹನುಮಂತನೂ ನಕ್ಕ. ನಾನೇ ಬರೆದ ನಿಯಮವಾದ್ದರಿಂದ ಮೇಲ್ಮನವಿಗೆ ಜಾಗವಿರಲಿಲ್ಲ. ಈಗ ಕಾಲೇಜು ಬಿಟ್ಟ ಕೂಡಲೇ ಕುಷ್ಟಗಿಯಿಂದ ಹೊರಟು, ದೀಪ ಹಚ್ಚುವುದರೊಳಗೆ ಮನೆ ಸೇರುತ್ತಿದ್ದೇನೆ. ಒಂದು ದಿನವೂ ಹೊತ್ತು ಮುಳುಗಿಸಿಲ್ಲ. ರೊಟ್ಟಿ ಇನ್ನೂ ದುಂಡಗಾಗಿಲ್ಲ, ಮೂಲೆಗಳು ಮಾತ್ರ ಕಡಿಮೆಯಾಗುತ್ತಿವೆ ಎಂದು ಅವ್ವ ಹೇಳುತ್ತಾಳೆ. ರೇಣುಕಾ ಮೂರನೆಯ ಸೆಮಿಸ್ಟರಿನಲ್ಲೂ ಫಸ್ಟ್ ಕ್ಲಾಸು. ನಮ್ಮ ಮನೆಯಲ್ಲಿ ಈಗ ಹಿಂದೆ ಬಿದ್ದ ವಿದ್ಯಾರ್ಥಿ ಎಂದರೆ ನಾನೊಬ್ಬನೇ.